ಕಾಲರ್ ಲೈನಿನ ಅಕ್ಕ

"ಸೈನ್ ಹಾಕಿ, ಮುಗೀತು. ಇದರಲ್ಲಿ ಯೋಚನೆ ಮಾಡೋದೇನಿದೆ?" ಎಂದು ಮ್ಯಾನೇಜರ್ ಹಾಳೆಯನ್ನು ಮೇಜಿನ ಈಚೆಗೆ ತಳ್ಳಿದ.

ಗಾರ್ಮೆಂಟ್ ಕಾರ್ಖಾನೆಯಲ್ಲಿ ಕಾಲರ್ ಹೊಲಿಯುವ ಲೈನಿನ ಮೇಲ್ವಿಚಾರಕಿ ನಿಂತಲ್ಲೇ ಓದಿದಳು. ಕೊನೆಯ ಮಷೀನಿನ ಹೆಂಗಸು ಎರಡು ತಿಂಗಳು ಕಲಿತರೂ ಗಂಟೆಗೆ ಇಪ್ಪತ್ತು ಕಾಲರ್ ದಾಟಿಲ್ಲ, ಕೆಲಸಕ್ಕೆ ಯೋಗ್ಯಳಲ್ಲ ಎಂದಿತ್ತು. ಕೆಳಗೆ ಕಾರಣ ಬರೆಯಲು ಒಂದು ಖಾಲಿ ಚೌಕ, ಅದರ ಕೆಳಗೆ ಕಲಿಸಿದವರ ಸಹಿಗೆ ಒಂದು ಗೆರೆ.

"ಮಿಕ್ಕವರು ನಲವತ್ತು ಹೊಲೀತಾರೆ. ಇವಳಿಗೆ ಲೈನಿನವರೇ ಬಸವನಹುಳು ಅಂತ ಹೆಸರಿಟ್ಟಿದ್ದಾರಂತೆ."

"ಹೆಸರಿಡೋರು ಎಲ್ಲರಿಗೂ ಇಡ್ತಾರೆ ಸಾರ್. ನಿಮಗೂ ಇಟ್ಟಿದ್ದಾರೆ. ಹೇಳ್ಲಾ?"

ಮ್ಯಾನೇಜರ್ ಗಡಿಯಾರದ ಕಡೆ ಕೈ ತೋರಿಸಿದ. "ಊಟದ ಹೊತ್ತಿನೊಳಗೆ ಕೊಡಿ."

ಹಾಳೆ ಹಿಡಿದು ಹೊರಬಂದಾಗ ಅವಳ ಮೈ ಉರಿಯುತ್ತಿತ್ತು. ಸಿಟ್ಟು ಮ್ಯಾನೇಜರನ ಮೇಲಷ್ಟೇ ಅಲ್ಲ, ಆ ಹೆಂಗಸಿನ ಮೇಲೂ. ಲೈನಿನ ಮಿಕ್ಕವರೆಲ್ಲ ಬೇರೆಲ್ಲೋ ಹೊಲಿಗೆ ಕಲಿತು ಬಂದವರು. ಇವಳೊಬ್ಬಳೇ ಮಷೀನು ಮುಟ್ಟದೆ ನಲವತ್ತು ವರ್ಷ ಕಳೆದು, ಗಂಡ ಹಾಸಿಗೆ ಹಿಡಿದ ಮೇಲೆ ಕೆಲಸ ಹುಡುಕಿಕೊಂಡು ಹೊರಟವಳು. ಮೂರು ಕಡೆ ವಯಸ್ಸಾಯಿತೆಂದು ಬಾಗಿಲು ಹಾಕಿದ್ದರು. ಮೇಲ್ವಿಚಾರಕಿಯೇ ಹಟ ಹಿಡಿದು ಸೇರಿಸಿಕೊಂಡಿದ್ದಳು. ಸೂಜಿಗೆ ನೂಲು ಪೋಣಿಸುವುದರಿಂದ ಹಿಡಿದು ಪಕ್ಕದಲ್ಲಿ ಕೂತು ಕಲಿಸಿದ್ದಳು. "ನನ್ನ ಕೈ ನೋಡು, ನಾನು ಮಾಡಿದ ಹಾಗೇ ಮಾಡು" ಎಂದು ದಿನಕ್ಕೆ ನೂರು ಸಲ ಹೇಳಿದ್ದಳು. ಇಷ್ಟು ಮಾಡಿದರೂ ಇಪ್ಪತ್ತೇ?

ಸೊಂಟಕ್ಕೆ ಕೈಕೊಟ್ಟು ಅವಳ ಪಕ್ಕ ನಿಂತಳು. "ಹೊಲಿ, ನೋಡೋಣ."

ಹೆಂಗಸು ಬೆವರೊರೆಸಿಕೊಂಡು ಪೆಡಲ್ ಒತ್ತಿದಳು. ಕಾಲರಿನ ತಿರುವು ಬಂದಿತು, ಬಟ್ಟೆ ಜಾರಿತು. ಸರಿಪಡಿಸಿ ಮತ್ತೆ ಹೊಲಿದಳು. ಮತ್ತೆ ಜಾರಿತು. ಎಡಗೈಯ ತೋರುಬೆರಳು ಬಟ್ಟೆಗೆ ತಗಲದೆ ಕಡ್ಡಿಯ ಹಾಗೆ ಮೇಲೆ ನಿಂತಿತ್ತು. ತಿರುವಿನಲ್ಲಿ ಬಟ್ಟೆಯನ್ನು ಒತ್ತಿ ಹಿಡಿಯಬೇಕಾದದ್ದೇ ಆ ಬೆರಳು.

"ಆ ಬೆರಳಿಗೇನಾಗಿದೆ ನಿಂಗೆ? ಯಾಕೆ ಹಾಗೆ ಎತ್ಕೊಂಡಿದ್ದೀಯ?"

"ನೀವು ಹಾಗೇ ಹಿಡೀತೀರಲ್ಲಕ್ಕಾ."

"ನಾನಾ?"

ಪಕ್ಕದ ಮಷೀನಿನವಳು ಕಿಸಕ್ಕನೆ ನಕ್ಕಳು. "ಅಯ್ಯೋ, ನಿಮಗೇ ಗೊತ್ತಿಲ್ವಾ ಅಕ್ಕಾ? ನೀವು ಹೊಲಿಯೋದೇ ಹಾಗೆ. ಅಕ್ಕ ಯಾರಿಗೋ ಎಚ್ಚರಿಕೆ ಕೊಡ್ತಿದ್ದಾರೆ ಅಂತ ನಾವು ತಮಾಷೆ ಮಾಡ್ತಿರ್ತೀವಿ."

ಮೇಲ್ವಿಚಾರಕಿ ತನ್ನ ಎಡಗೈಯನ್ನು ತಿರುಗಿಸಿ ನೋಡಿಕೊಂಡಳು. ಹನ್ನೆರಡು ವರ್ಷದ ಹಿಂದೆ ಸೂಜಿ ಉಗುರಿನ ಮೂಲಕ ಇಳಿದು ಬೆರಳಿನ ತುದಿ ಮರಗಟ್ಟಿಹೋಗಿತ್ತು. ಅಂದಿನಿಂದ ನಡುಬೆರಳೇ ಅದರ ಕೆಲಸ ಮಾಡುತ್ತಿತ್ತು. ಅದನ್ನು ರೂಢಿ ಮಾಡಿಕೊಳ್ಳಲು ತನಗೆ ಒಂದು ವರ್ಷ ಹಿಡಿದಿದ್ದು ನೆನಪಾಯಿತು. ಈ ಪುಣ್ಯಾತ್ಗಿತ್ತಿ ಕೇಳದೆ, ಗೊಣಗದೆ ಆ ಗಾಯವನ್ನೇ ಪಾಠವೆಂದು ಕಲಿತಿದ್ದಳು.

ಅವಳು ಅಲ್ಲೇ ಪೆನ್ನು ತೆಗೆದು ಚೌಕದಲ್ಲಿ ಬರೆದು, ಸಹಿ ಹಾಕಿ, ಸೀದಾ ಮ್ಯಾನೇಜರನ ಮೇಜಿನ ಮೇಲೆ ಒಯ್ದಿಟ್ಟಳು.

"'ಕಲಿಸಿದವಳು ತಪ್ಪು ಕಲಿಸಿದ್ದಾಳೆ.'" ಮ್ಯಾನೇಜರ್ ಓದಿ ತಲೆಯೆತ್ತಿದ. "ಏನ್ರೀ ಇದು? ಇದನ್ನ ಮೇಲಿನವರು ನೋಡಿದ್ರೆ ನಿಮ್ಮ ಕುತ್ತಿಗೆಗೇ ಬರುತ್ತೆ."

"ಬರ್ಲಿ. ನನ್ನ ತಪ್ಪಿಗೆ ಅವಳ ಕುತ್ತಿಗೆ ಯಾಕೆ ಕೊಡ್ಲಿ?"

"ಬೇರೆ ಹಾಳೆ ಕೊಡ್ತೀನಿ. 'ನಿಧಾನ' ಅಂತ ಬರೀರಿ ಸಾಕು."

"ಹತ್ತು ಹಾಳೆ ಕೊಡಿ, ಹತ್ತರಲ್ಲೂ ಇದನ್ನೇ ಬರೀತೀನಿ. ಎರಡು ವಾರ ಬಿಡಿ ಸಾರ್. ಆಗಲೂ ಆಗ್ಲಿಲ್ಲ ಅಂದ್ರೆ ಇಬ್ಬರನ್ನೂ ಒಟ್ಟಿಗೇ ಗೇಟಿಂದಾಚೆ ಹಾಕಿ."

"ಎರಡು ವಾರ ಯಾರು ಬಿಡ್ತಾರೆ ಅಂದ್ಕೊಂಡಿದ್ದೀರಿ? ನಾನಂತೂ ಒಪ್ಪಿಲ್ಲ!"

ಅಷ್ಟರಲ್ಲಿ ಅವಳು ಬಾಗಿಲು ದಾಟಿದ್ದಳು.

ಲೈನಿನ ಕೊನೆಗೆ ಒಂದು ಸ್ಟೂಲ್ ಎಳೆದು ಕೂತಳು. ಹೆಂಗಸು ಅಭ್ಯಾಸಬಲದಿಂದ ಅವಳ ಕೈಯ ಕಡೆ ನೋಡಿದಳು. ಮೇಲ್ವಿಚಾರಕಿ ಎರಡೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿ ಅವುಗಳ ಮೇಲೆ ಭದ್ರವಾಗಿ ಕೂತಳು.

"ನನ್ನ ನೋಡ್ಬೇಡ. ಬಾಯಲ್ಲಿ ಹೇಳ್ತೀನಿ, ಕೇಳ್ಕೋ. ಆ ಬೆರಳು ಇಳಿಸು. ಇನ್ನೂ. ಹೆದರ್ಬೇಡ, ಸೂಜಿ ದೂರ ಇದೆ."

ಗಾಜಿನ ಕೋಣೆಯ ಬಾಗಿಲಲ್ಲಿ ಮ್ಯಾನೇಜರ್ ಹಾಳೆ ಹಿಡಿದು ನಿಂತು ಕೂಗುತ್ತಿದ್ದ. ಯಾರೂ ತಿರುಗಲಿಲ್ಲ. ಬೆರಳು ಇಳಿದು ಬಟ್ಟೆಯ ಮೇಲೆ ಕೂತಿತು. ಪೆಡಲ್ ಮೆಲ್ಲಗೆ ಕೆಳಗಿಳಿಯಿತು.