ಬಾಲ್ಕನಿಯವರು ನೋಡದ ಕೊನೇ ರೀಲು

ಶಿವಮೊಗ್ಗದಿಂದ ಬಂದಿದ್ದ ಇಬ್ಬರು ಗಂಡಸರು ಬಸವರಾಜೇಶ್ವರಿಯ ಕಂಕುಳಿಗೆ ಕೈ ಕೊಟ್ಟು ಎತ್ತಿ ಕೂರಿಸಿದರು. ಅವಳ ಗಂಡನ ಅಕ್ಕ ಹಾಲಮ್ಮ ಕಾಲು ಹಿಡಿದು ಜಗ್ಗಿ ಮತ್ತೆ ಮಲಗಿಸಿದಳು. ಬೆಳಗಿನಿಂದ ಇದು ಮೂರನೇ ಸಲ.

"ನಲವತ್ತೊಂದು ವರ್ಷ ಈ ಮನೇಲಿ ಮಲಗಿ ಎದ್ದೋಳು," ಅಂದಳು ಹಾಲಮ್ಮ, ಸೆರಗಿನಿಂದ ಕತ್ತಿನ ಬೆವರು ಒರೆಸಿಕೊಳ್ಳುತ್ತ. "ಇವತ್ತೊಂದಿನಕ್ಕೆ ಕೂರಬೇಕಂತೆ. ಯಾವ ಮೆರವಣಿಗೆಗೆ?"

"ನಮ್ಮಲ್ಲಿ ಅದೇ ಪದ್ಧತಿ ಅಮ್ಮ. ಕೂರಿಸಿಯೇ ಮಣ್ಣು ಮಾಡೋದು," ಅಂದ ಅವರಲ್ಲೊಬ್ಬ. "ಇನ್ನೊಂದು ಗಂಟೆ ಹೋದ್ರೆ ಮೈ ಸೆಟೆಯುತ್ತೆ. ಆಮೇಲೆ ಕಾಲು ಮಡಚೋಕಾಗಲ್ಲ."

"ಮಡಚೋಕೆ ಅವಳೇನು ಜಮಖಾನಾನಾ?"

ಜನ್ನಾಪುರದ ಆ ಅಡ್ಡರಸ್ತೆಯಲ್ಲಿ ಅವತ್ತು ಸೇರಿದ ಜನ ಕಡಿಮೆ ಅಂದರೂ ಹತ್ತು ಸಾವಿರ. ಶಾಮಿಯಾನದವನು ತಂದ ಕುರ್ಚಿ ಅರವತ್ತೇ, ಅದರಲ್ಲೂ ಇಪ್ಪತ್ತು ಖಾಲಿ ಇದ್ದವು ಅನ್ನುವವರಿದ್ದಾರೆ. ಕುರ್ಚಿ ಎಣಿಸಿ ದುಃಖ ಅಳೆಯುವವರ ಮಾತು ಬಿಡಿ. ಬಸವರಾಜೇಶ್ವರಿ ಹೊಲಿದ ರವಿಕೆ ತೊಡದ ಹೆಣ್ಣು ಭದ್ರಾವತಿಯಲ್ಲಿ ಇನ್ನೂ ಹುಟ್ಟಿರಲಿಲ್ಲ. ಬೀದಿಯ ಆ ತುದಿಯಲ್ಲಿ ಹೋಗುವವಳನ್ನು ಕಿಟಕಿಯಿಂದ ನೋಡಿಯೇ ಎದೆ ಇಷ್ಟು, ತೋಳು ಇಷ್ಟು ಅನ್ನುತ್ತಿದ್ದಳು. ಟೇಪು ಹಿಡಿದರೆ ಕೂದಲೆಳೆ ಹೆಚ್ಚಿಲ್ಲ, ಕಡಿಮೆಯಿಲ್ಲ. ಅಂಥವಳು ಬೆಳಗಿನ ಐದೂವರೆಗೆ ಹಾಲು ಕಾಯಿಸಲು ಎದ್ದು, ಒಲೆ ಹಚ್ಚುವ ಮೊದಲೇ ಗೋಡೆ ಹಿಡಿದು ಕುಸಿದು, ಸದ್ದಿಲ್ಲದೆ ಹೋಗಿಬಿಟ್ಟಿದ್ದಳು.

ಗಂಡ ಮಾರಪ್ಪ ಅವಳ ತಲೆಯ ಹತ್ತಿರ ಕೂತಿದ್ದ. ಎಪ್ಪತ್ತರ ಹತ್ತಿರದ ಆಳು. ಬದುಕಿನಲ್ಲಿ ಅರ್ಧ ನಿಮಿಷ ಬಾಯಿ ಮುಚ್ಚಿದವನಲ್ಲ. ಅವನು ಹೇಳಿದ ಸುಳ್ಳುಗಳನ್ನು ಸಾಲಾಗಿ ನಿಲ್ಲಿಸಿದರೆ ಭದ್ರಾವತಿಯಿಂದ ಶಿವಮೊಗ್ಗ ಮುಟ್ಟಿ ವಾಪಸು ಬರಬಹುದಿತ್ತು. ಬೆಳಗಿನಿಂದ ಅವನು ತುಟಿ ಬಿಚ್ಚಿರಲಿಲ್ಲ.

ಎದುರಿಗೆ ಹಣೆ ತುಂಬ ವಿಭೂತಿ ಹಚ್ಚಿಕೊಂಡು ನಿಂತವನು ಶಿವಶಂಕರಪ್ಪ, ಸತ್ತವಳ ತಮ್ಮ. ನಲವತ್ತೊಂದು ವರ್ಷದಲ್ಲಿ ಅಕ್ಕನ ಹೊಸ್ತಿಲು ದಾಟಿದ್ದು ಇದೇ ಮೊದಲು.

"ಇವರಿಗೆ ಯಾರು ಹೇಳಿಕಳಿಸಿದ್ದು?" ಅಂದಳು ಹಾಲಮ್ಮ.

"ನಾನೇ ಅತ್ತೆ," ಅಂದಳು ಮಾರಪ್ಪನ ಮಗಳು ಇಂಪನಾ. "ಅಮ್ಮನ ತವರಿಗೆ ಒಂದು ಮಾತು ಹೇಳದೆ ಹೇಗೆ? ಅಜ್ಜನ ಟಾಕೀಸು ಈಗ ಕಲ್ಯಾಣ ಮಂಟಪ ಆಗಿದೆಯಲ್ಲ, ಆ ಬೋರ್ಡಲ್ಲಿದ್ದ ನಂಬರಿಗೆ ಮಾಡಿದೆ. ಯಾವ ತಿಂಗಳು ಮದುವೆ ಅಂತ ಕೇಳಿದ್ರು."

ಶಿವಶಂಕರಪ್ಪ ತಲೆ ತಗ್ಗಿಸಿದ. ಆಮೇಲೆ ಯಾರ ಹೆಸರೂ ಹಿಡಿಯದೆ, ಮಾರಪ್ಪನ ಕಡೆ ನೋಡಿ ಅಂದ: "ಅಕ್ಕನ್ನ ಕರ್ಕೊಂಡು ಹೋಗೋಕೆ ಬಂದಿದೀನಿ. ನವುಲೆ ಹತ್ರ ನಮ್ಮ ಹೊಲ ಇದೆ. ಅಪ್ಪ, ಅವ್ವ ಎಲ್ಲ ಅಲ್ಲೇ ಇರೋದು."

"ನಮ್ಮೋರ ಮಣ್ಣು ಹೊಳೆ ದಂಡೇಲಿದೆ," ಅಂದಳು ಹಾಲಮ್ಮ. "ಜೋಡಿ ಜಾಗ ಗೊತ್ತು ಮಾಡಿಟ್ಟಿದೀನಿ. ಒಂದು ಇವಳಿಗೆ, ಪಕ್ಕದ್ದು ನನ್ನ ತಮ್ಮನಿಗೆ. ಇವಳನ್ನ ನಿಮ್ಮ ಕೈಗೆ ಕೊಟ್ಟು, ನಾಳೆ ಇವನು ಯಾರ ಪಕ್ಕ ಮಲಗಬೇಕು ಹೇಳಿ."

ಹತ್ತು ಸಾವಿರ ಜನ ಮಾರಪ್ಪನ ಮುಖ ನೋಡಿದರು. ಮಾರಪ್ಪ ಹೆಂಡತಿಯ ಮುಖ ನೋಡಿದ.

*

ಆ ಕಾಲದಲ್ಲಿ ಶಿವಮೊಗ್ಗದ ಟಾಕೀಸಿಗೂ ಭದ್ರಾವತಿಯ ಟಾಕೀಸಿಗೂ ಸೇರಿ ಬರುತ್ತಿದ್ದದ್ದು ಒಂದೇ ಪ್ರಿಂಟು. ಶಿವಮೊಗ್ಗದಲ್ಲಿ ಆಟ ಒಂದು ಗಂಟೆ ಮುಂಚೆ ಶುರು. ಅಲ್ಲಿ ಮುಗಿದ ರೀಲನ್ನು ಡಬ್ಬಿಗೆ ತುಂಬಿ, ಮೋಟಾರ್ ಸೈಕಲ್ಲಿಗೆ ಕಟ್ಟಿ, ಇಲ್ಲಿ ಹಿಂದಿನ ರೀಲು ಮುಗಿಯುವುದರೊಳಗೆ ತಂದು ಮುಟ್ಟಿಸಬೇಕು. ಆ ಕೆಲಸ ಮಾರಪ್ಪನದು. ಅವನು ನಡುದಾರಿಯ ಮಲವಗೊಪ್ಪ ದಾಟಿ ಹೋದ ಮೇಲೆ ಅವನ ಗಾಡಿಯ ಸದ್ದು ಮಲವಗೊಪ್ಪಕ್ಕೆ ಬರುತ್ತಿತ್ತಂತೆ, ಅಷ್ಟು ವೇಗ. ಒಮ್ಮೆ ಪಂಕ್ಚರ್ ಆಗಿ ಹತ್ತು ನಿಮಿಷ ತಡವಾದದ್ದಕ್ಕೆ ಭದ್ರಾವತಿಯ ಅಗ್ಗದ ಟಿಕೆಟಿನ ಗಾಂಧಿ ಕ್ಲಾಸಿನವರು ಹಾಕಿದ ಶಿಳ್ಳೆಗೆ ಟಾಕೀಸಿನ ಹೆಂಚು ಹಾರಿದ್ದವು ಅಂತ ಪ್ರೊಜೆಕ್ಟರ್ ನಡೆಸುತ್ತಿದ್ದ ಭೂತಪ್ಪ ಇವತ್ತಿಗೂ ಆಣೆ ಮಾಡುತ್ತಾನೆ.

ಇಷ್ಟೆಲ್ಲ ಹೊತ್ತವನು ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಇಲ್ಲಿ ಐದು ನಿಮಿಷ, ಅಲ್ಲಿ ಐದು ನಿಮಿಷ, ಉಳಿದದ್ದೆಲ್ಲ ರಸ್ತೆ.

ಶಿವಮೊಗ್ಗದ ಟಾಕೀಸಿನ ಸಾಹುಕಾರರ ಮಗಳು ಬಸವರಾಜೇಶ್ವರಿ. ಅವಳೂ ಒಂದು ಸಿನಿಮಾವನ್ನೂ ಪೂರ್ತಿ ನೋಡಿರಲಿಲ್ಲ. ಮನೆಯ ಹೆಂಗಸರು ಬಾಲ್ಕನಿಯಲ್ಲಿ ಕೂರಬಹುದು, ಆದರೆ ಕೊನೇ ರೀಲು ಹಾಕುವ ಮೊದಲೇ ಎದ್ದು ಹಿಂದಿನ ಮೆಟ್ಟಿಲಿಳಿದು ಕಾರು ಹತ್ತಬೇಕು. ಗಾಂಧಿ ಕ್ಲಾಸಿನವರು ಹೊರಗೆ ಬಿದ್ದರೆ ಮೈ ತಾಗುತ್ತದೆ ಅಂತ ಅಪ್ಪನ ಕಾನೂನು.

ಆಗ ಬಂದದ್ದು ಒಂದು ನಗೆ ಸಿನಿಮಾ. ಹೆಣ್ಣು ನೋಡಲು ಬರಬೇಕಿದ್ದ ಶ್ರೀಮಂತರ ಹುಡುಗ ದಾರಿಯಲ್ಲೇ ಉಳಿಯುತ್ತಾನೆ. ಅವನ ಪೆಟ್ಟಿಗೆ ಹೊತ್ತು ತಂದ ಟಾಂಗಾದವನನ್ನೇ ವರ ಅಂದುಕೊಂಡು ಹೆಣ್ಣಿನ ಮನೆಯವರು ಕೂರಿಸಿ ಹೋಳಿಗೆ ಬಡಿಸುತ್ತಾರೆ. ಹುಡುಗಿಗೆ ನಿಜ ಗೊತ್ತಾದರೂ ಬಾಯಿ ಬಿಡುವುದಿಲ್ಲ. ಅಪ್ಪನಿಗೆ ಗೊತ್ತಾದಾಗ ಇಬ್ಬರನ್ನೂ ಹೊರಗೆ ಹಾಕುತ್ತಾನೆ. ಅಲ್ಲಿಗೆ ಬಾಲ್ಕನಿಯವರು ಎದ್ದು ಹೋಗುವ ಹೊತ್ತು.

ಮೆಟ್ಟಿಲ ತಿರುವಿನಲ್ಲಿ ಡಬ್ಬಿ ಹೊತ್ತು ಇಳಿಯುತ್ತಿದ್ದವನನ್ನು ಅವಳು ನಿಲ್ಲಿಸಿದಳು.

"ಕೊನೆಗೆ ಏನಾಗುತ್ತೆ?"

ನನಗೂ ಗೊತ್ತಿಲ್ಲ ಅನ್ನಬಹುದಿತ್ತು. ಹಾಗಂದರೆ ಅವನು ಮಾರಪ್ಪನಲ್ಲ.

"ಕೊನೆಗೆ ಅಪ್ಪ ಬರ್ತಾನೆ. ಟಾಂಗಾದವನ ಗುಡಿಸಲಿಗೇ ಬರ್ತಾನೆ. ಮಗಳನ್ನ ಕರ್ಕೊಂಡು ಹೋಗ್ತಾನೆ."

"ಬರೀ ಮಗಳನ್ನಾ?"

"ಇಬ್ಬರನ್ನೂ. ಆನೆ ಮೇಲೆ."

ಆ ಸಿನಿಮಾ ಅಲ್ಲಿ ನೂರು ದಿನ ಓಡಿತು. ಅವಳು ಹನ್ನೆರಡು ಸಲ ಬಂದಳು, ಹನ್ನೆರಡು ಸಲವೂ ಅದೇ ತಿರುವಿನಲ್ಲಿ ಕೇಳಿದಳು. ಹನ್ನೆರಡನೇ ಸಲಕ್ಕೆ ಆನೆಗಳು ನಾಲ್ಕಾಗಿದ್ದವು, ಅಪ್ಪ ಟಾಂಗಾದವನ ಕಾಲು ತೊಳೆಯುವ ಮಟ್ಟಕ್ಕೆ ಬಂದಿದ್ದ. ಹದಿಮೂರನೇ ಸಲ ಅವಳು ಕಾರು ಹತ್ತಲಿಲ್ಲ. ಕತ್ತಿನಲ್ಲಿದ್ದ ಲಿಂಗ ಒಂದು ಬಿಟ್ಟರೆ ಮನೆಯದು ಏನೂ ತರದೆ, ರೀಲಿನ ಡಬ್ಬಿ ಕಟ್ಟುವ ಜಾಗದಲ್ಲಿ ಕೂತು ಭದ್ರಾವತಿಗೆ ಬಂದಳು. ಅವತ್ತು ಭದ್ರಾವತಿಯವರು ಆರನೇ ರೀಲು ನೋಡಲಿಲ್ಲ.

*

ಇಂಪನಾಗೆ ಮೂರು ವರ್ಷವಾದಾಗ ಅದೇ ಸಿನಿಮಾ ಭದ್ರಾವತಿಗೆ ಮತ್ತೆ ಬಂತು. ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು ಇಬ್ಬರೂ ಗಾಂಧಿ ಕ್ಲಾಸಿನಲ್ಲಿ ಕೂತು, ಮೊದಲ ಸಲ ಒಂದು ಸಿನಿಮಾವನ್ನು ಕೊನೆತನಕ ನೋಡಿದರು. ಅಪ್ಪ ಬರಲಿಲ್ಲ. ಟಾಂಗಾ ಧೂಳೆಬ್ಬಿಸಿಕೊಂಡು ದೂರ ಹೋಯಿತು, ಶುಭಂ ಅಂತ ಬಂತು, ದೀಪ ಹತ್ತಿತು.

ಮಾರಪ್ಪ ಕಾಲ ಬುಡದ ಕಡಲೆ ಸಿಪ್ಪೆ ನೋಡುತ್ತ ಅಂದ: "ಪ್ರಿಂಟು ಹಳೇದು. ಅಪ್ಪ ಬರೋ ಭಾಗ ಕಟ್ ಆಗಿದೆ."

ಅವಳು ತುಂಬ ಹೊತ್ತು ಬಿಳೀ ಪರದೆ ನೋಡಿದಳು. "ಹೌದಾ," ಅಂದಳು. "ಹಾಗಾದ್ರೆ ಕಾಯೋಣ."

ಕಾದಳು. ಮಾರಪ್ಪನ ರೀಲಿನ ಕೆಲಸ ಓಡಿ ಬಂದ ದಿನವೇ ಹೋಗಿತ್ತು, ಆಮೇಲೆ ಕಾರ್ಖಾನೆಯಲ್ಲಿ ಗುತ್ತಿಗೆ ಕೆಲಸ ಸಿಕ್ಕಿತು, ಅದೂ ಹೋಯಿತು. ಅವಳ ಹೊಲಿಗೆ ಮಿಷನ್ ಒಂದೇ ಓಡುತ್ತಿತ್ತು. ಬೀದಿಗೆ ಕಾರು ಬಂದ ಸದ್ದಾದರೆ ಮಾತ್ರ ಅದು ನಿಲ್ಲುತ್ತಿತ್ತು. ಕಾರು ಮುಂದೆ ಹೋದ ಮೇಲೆ ಮತ್ತೆ ಶುರು. ಜನ್ನಾಪುರಕ್ಕೆ ಬಂದ ಕಾರುಗಳ ಪಟ್ಟಿ ಆರ್‌ಟಿಓ ಆಫೀಸಿನಲ್ಲಿಲ್ಲ, ಆ ಮಿಷನ್ನಿನ ಹತ್ತಿರ ಇತ್ತು. ಒಂದು ದಿನ ಪೇಪರಿನಲ್ಲಿ ಅವಳಪ್ಪನ ಫೋಟೋ ಬಂತು, ಕೆಳಗೆ ಶಿವೈಕ್ಯ ಅಂತ ಬರೆದಿತ್ತು. ಅವಳು ತಲೆಗೆ ನೀರು ಹಾಕಿಕೊಂಡು ಬಂದು ಮಿಷನ್ ಮುಂದೆ ಕೂತಳು. ಸ್ವಲ್ಪ ಹೊತ್ತಿಗೆ ಯಾರದೋ ಕಾರು ಬಂತು. ಮಿಷನ್ ನಿಂತಿತು.

ಮಾರಪ್ಪ ಒಳಗಿನಿಂದ ಕೇಳಿಸಿಕೊಂಡ. ಬದುಕಿನಲ್ಲಿ ಎಷ್ಟೋ ಸುಳ್ಳು ಹೇಳಿದ್ದ. ಒಂದನ್ನೂ ಯಾರೂ ಇಷ್ಟು ಜೋಪಾನವಾಗಿ ಇಟ್ಟುಕೊಂಡಿರಲಿಲ್ಲ.

ಇವತ್ತು ಬೆಳಿಗ್ಗೆ ಏಳೂವರೆಗೆ ಶಿವಶಂಕರಪ್ಪನ ಕಾರು ಬೀದಿಗೆ ಬಂದು ಬಾಗಿಲ ಮುಂದೆಯೇ ನಿಂತಿತು. ನಿಲ್ಲಲು ಮಿಷನ್ ಓಡುತ್ತಿರಲಿಲ್ಲ.

*

"ನಿಮ್ಮನ್ನ ಯಾರು ಕಳಿಸಿದ್ದು?" ಬೆಳಗಿನಿಂದ ಮಾರಪ್ಪ ಆಡಿದ ಮೊದಲ ಮಾತು ಅದು.

"ಯಾರೂ ಇಲ್ಲ," ಅಂದ ಶಿವಶಂಕರಪ್ಪ. "ಅಪ್ಪ ಸಾಯೋತನಕ ಹೆಸರೆತ್ತೋಕೆ ಬಿಡಲಿಲ್ಲ. ಅವ್ವ ಹೋಗೋವಾಗ ನನ್ನ ಕೈ ಹಿಡ್ಕೊಂಡು, ನನ್ನ ಪಕ್ಕ ನಿಮ್ಮಕ್ಕ ರಾಜಿಗೆ ಜಾಗ ಬಿಡು ಅಂದ್ಲು. ಇಪ್ಪತ್ತು ವರ್ಷ ಆಯ್ತು, ಬಿಟ್ಟಿದೀನಿ. ಬದುಕಿದ್ದಾಗ ಬರೋಕೆ..." ಕೊರಳ ಶಲ್ಯದ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿದ.

"ಒಂದೇ ಜಾಗಾನಾ?"

ಶಿವಶಂಕರಪ್ಪನಿಗೆ ಅರ್ಥವಾಯಿತು. "ಒಂದೇ. ಅಲ್ಲಿ ಲಿಂಗ ಕಟ್ಟಿದೋರಿಗೆ ಮಾತ್ರ. ಅದು ನನ್ನ ಕೈಲಿಲ್ಲ."

"ನೋಡಿದ್ಯಾ?" ಅಂದಳು ಹಾಲಮ್ಮ. "ಸತ್ತ ಮೇಲೂ ಬಾಲ್ಕನಿ ಬೇರೆ, ಗಾಂಧಿ ಕ್ಲಾಸು ಬೇರೆ."

ಮಾರಪ್ಪ ಹೆಂಡತಿಯ ಹಣೆಯ ಮೇಲೆ ಬಿದ್ದಿದ್ದ ಕೂದಲು ಸರಿಸಿದ. "ಕೂರಿಸಿ," ಅಂದ.

"ಮಾರಾಯ, ತಲೆ ಸರಿ ಇದೆಯಾ ನಿಂಗೆ?" ಅಂದ ಭೂತಪ್ಪ ಕುರ್ಚಿಯಿಂದ ಎದ್ದು. ಪೊರೆ ಬಂದ ಕಣ್ಣಿಗೆ ಅವನಿಗೆ ಸರಿಯಾಗಿ ಕಾಣುತ್ತಿರಲಿಲ್ಲ; ದನಿ ಬಂದ ಕಡೆ ಮುಖ ತಿರುಗಿಸಿದ. "ಆಮೇಲೆ ನಿನ್ನ ಗತಿ?"

"ಅವಳಿಗೆ ಮಾತು ಕೊಟ್ಟಿದ್ದೆ ಕಣೋ, ಕರ್ಕೊಂಡು ಹೋಗೋಕೆ ಬರ್ತಾರೆ ಅಂತ."

"ನಿನ್ನ ಮಾತು ಯಾವತ್ತಾದ್ರೂ ನಿಜ ಆಗಿದ್ದು ಉಂಟಾ?" ಅಂದಳು ಹಾಲಮ್ಮ.

"ಇವತ್ತು ಆಗ್ಲಿ ಬಿಡು ಅಕ್ಕ."

ಹಾಲಮ್ಮ ಹಿಡಿದಿದ್ದ ಕಾಲು ಬಿಟ್ಟಳು. ಬಿಟ್ಟವಳು ಗೋಡೆಗೆ ಮುಖ ಮಾಡಿ ನಿಂತಳು. ಶಿವಮೊಗ್ಗದವರು ಬಸವರಾಜೇಶ್ವರಿಯನ್ನು ಗೋಡೆಗೆ ಒರಗಿಸಿ, ಕಾಲು ಮಡಚಿ, ಹಣೆಗೆ ವಿಭೂತಿ ಹಚ್ಚಿದರು. ನಾನಂತೂ ಆ ಕಡೆ ಕಾಲಿಡಲ್ಲ ಅಂತ ಹಾಲಮ್ಮ ನಾಲ್ಕು ಜನಕ್ಕೆ ಕೇಳುವ ಹಾಗೆ ಹೇಳಿದಳು. ವ್ಯಾನು ಬಂದಾಗ ಎಲ್ಲರಿಗಿಂತ ಮೊದಲು ಹತ್ತಿ ಕೂತವಳು ಅವಳೇ.

*

ನವುಲೆಯ ಹೊಲದಲ್ಲಿ ಹೊತ್ತು ನೆತ್ತಿಗೆ ಬರುವಷ್ಟರಲ್ಲಿ ಗುಂಡಿ ತಯಾರಾಗಿತ್ತು. ಪಕ್ಕದಲ್ಲಿ ತಾಯಿಯ ಗದ್ದುಗೆ, ಅದರಾಚೆ ತಂದೆಯದು. ಗುಂಡಿಗೆ ಇಳಿಯಲು ಮೂರು ಮೆಟ್ಟಿಲು, ತಳದ ಗೋಡೆಯಲ್ಲಿ ಕೂರಿಸಲು ಒಂದು ಗೂಡು. ಬಿಲ್ವಪತ್ರೆ, ವಿಭೂತಿ, ಉಪ್ಪಿನ ಚೀಲಗಳು ದಂಡೆಯ ಮೇಲಿದ್ದವು. ಅಯ್ಯನೋರು ಮೇಲೆ ನಿಂತು ಮಂತ್ರ ಹೇಳುತ್ತಿದ್ದರು. ಶಿವಶಂಕರಪ್ಪ ತಾನೇ ಇಳಿದು, ಅಕ್ಕನನ್ನು ಎರಡೂ ತೋಳಿನಲ್ಲಿ ಹಿಡಿದು ಗೂಡಿನೊಳಗೆ ಕೂರಿಸಿದ.

ಕೂತಳು. ಅವನು ಕೈ ಬಿಟ್ಟ ಕೂಡಲೇ ಮುಂದಕ್ಕೆ ಬಾಗಿದಳು. ಹಿಂದಕ್ಕೆ ಒತ್ತಿದರೆ ಜಾರಿದಳು. ಬಲಕ್ಕೆ ಆನಿಸಿದರೆ ತಲೆ ಗೂಡಿನಿಂದ ಹೊರಗೆ ಬಂತು.

ಮಾರಪ್ಪ ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟ. "ಲಿಂಗ ಇಲ್ಲದೋರು ಇಳಿಯೋ ಹಾಗಿಲ್ಲ ಯಜಮಾನ್ರೇ," ಅಂದರು ಅಯ್ಯನೋರು, ಬೈಯುವ ದನಿಯಲ್ಲಲ್ಲ. ಮಾರಪ್ಪ ಕಾಲು ಹಿಂದಕ್ಕೆ ತೆಗೆದ. ಇಂಪನಾ ಬಂದು ಅವನ ಮೊಣಕೈ ಹಿಡಿದುಕೊಂಡಳು.

ಕೆಳಗೆ ಶಿವಶಂಕರಪ್ಪನ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ಅಕ್ಕನ ಎದೆಗೆ ಅಂಗೈ ಕೊಟ್ಟು ತಡೆದುಕೊಂಡೇ ತಲೆಯೆತ್ತಿ ನೋಡಿದ.

"ಭಾವ, ನಿಲ್ತಿಲ್ಲ."

ಮಾರಪ್ಪ ಗುಂಡಿಯ ಅಂಚಿನಲ್ಲಿ ಮಂಡಿಯೂರಿದ. "ಎಡಕ್ಕೆ ವಾಲಿಸಿ," ಅಂದ. "ನೇರ ಕೂತೋಳೇ ಅಲ್ಲ ಅವಳು. ಬಸ್ಸಲ್ಲೂ ಹಾಗೇ, ಜಗಲೀಲೂ ಹಾಗೇ. ಎಡಗಡೆ ನಾನು ಕೂತಿರ್ತಿದ್ದೆ."

ಶಿವಶಂಕರಪ್ಪ ಎಡಕ್ಕೆ ವಾಲಿಸಿದ. ಅವಳು ಆ ಕಡೆ ವಾಲಿದಳು. ಆದರೆ ತಲೆಗೂ ಗೂಡಿನ ಗೋಡೆಗೂ ನಡುವೆ ಒಬ್ಬನ ಭುಜದಷ್ಟು ಜಾಗ ಬರಿದಾಗಿ ಉಳಿಯಿತು.

"ಏನಾದ್ರೂ ಕೊಡಿ," ಅಂದ ಶಿವಶಂಕರಪ್ಪ.

ಮೇಲಿನಿಂದ ಉಪ್ಪಿನ ಚೀಲಗಳನ್ನು ಇಳಿಸಿದರು. ಅವನು ಒಂದರ ಮೇಲೊಂದು ಇಟ್ಟು, ಹೌದೋ ಅಲ್ಲವೋ ಅಂತ ಮತ್ತೆ ಮೇಲೆ ನೋಡಿದ.

"ಇನ್ನೊಂಚೂರು ಎತ್ತರ," ಅಂದ ಮಾರಪ್ಪ.

ಶಿವಶಂಕರಪ್ಪ ಇನ್ನೊಂದು ಚೀಲ ಇಟ್ಟ. ಅದರ ನೆತ್ತಿಯನ್ನು ಮುಷ್ಟಿಯಿಂದ ಮೆಲ್ಲಗೆ ಗುದ್ದಿ ತಗ್ಗು ಮಾಡಿದ, ಕೆನ್ನೆಗೆ ಒತ್ತದ ಹಾಗೆ ಅಂಗೈಯಿಂದ ಸವರಿದ, ಅಕ್ಕನ ತಲೆಯನ್ನು ಅದರ ಮೇಲೆ ಒರಗಿಸಿ ಕೈ ತೆಗೆದ. ಅವಳು ಅಲ್ಲಾಡಲಿಲ್ಲ.