ಕೊಕ್ಕರೆಯ ಎತ್ತರ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ಪುರಸಭೆಯ ಮೇಲಂತಸ್ತಿನ ಕೋಣೆಯಲ್ಲಿ ವಿಚಾರಣೆ ಶುರುವಾಯಿತು. ಹತ್ತಕ್ಕೇ ಶುರುವಾಗಬೇಕಿತ್ತು. ಅಕ್ಕ ಕಿಟಕಿಯ ಕಡೆಗೂ ಅವರ ತಮ್ಮ ಗೋಡೆಯ ಕಡೆಗೂ ಕೂತಿದ್ದರಿಂದ, ಬಂದವರಿಗೆ ಯಾರ ಪಕ್ಕ ಕೂರಬೇಕೆಂದು ತಿಳಿಯದೆ ಹತ್ತು ನಿಮಿಷ ಬಾಗಿಲಲ್ಲೇ ಕಳೆಯಿತು.

ನಾನು ಜಲಮಾರ್ಗ ಕಚೇರಿಯ ಪರಿಶೀಲನಾ ಎಂಜಿನಿಯರ್. ದೋಣಿ ಓಡಾಡುವ ನದಿಯ ಮೇಲೆ ಯಾರೇ ಸೇತುವೆ ಕಟ್ಟಬೇಕಾದರೂ ಸರ್ಕಾರದ ಅನುಮತಿ ಬೇಕು. ಸೇತುವೆ ಗಟ್ಟಿಯಾಗಿದೆಯೇ, ಅಂದವಾಗಿದೆಯೇ ಎಂದು ನೋಡುವವರು ಬೇರೆ ಇದ್ದಾರೆ. ನಾನು ನೋಡುವುದು ಒಂದನ್ನೇ: ಇವತ್ತು ಕೆಳಗೆ ಓಡಾಡುವ ದೋಣಿ ನಾಳೆಯೂ ಓಡಾಡಬಲ್ಲದೇ? ನೀರು ಅತಿ ಮೇಲಿರುವ ದಿನ, ಅತಿ ಎತ್ತರದ ದೋಣಿ, ಅದರ ತುದಿಯ ಮೇಲೆ ಮೂವತ್ತು ಸೆಂಟಿಮೀಟರ್ ಬಿಡುವು. ಸೇತುವೆಯ ತಳ ಅಲ್ಲಿಗೆ ಬರಬೇಕು.

ಸೇತುವೆ ಮಂಡಳಿ ಕೇಳಿದ್ದು ಹನ್ನೊಂದು ಮೀಟರ್. ಅಕ್ಕನ ತಕರಾರು ಅದಕ್ಕೇ.

ಅಕ್ಕ ಎಂದರೆ ನದಿಯ ಮೇಲ್ಭಾಗದ ದೋಣಿ ರಿಪೇರಿ ಅಂಗಳದ ಯಜಮಾನಿ. ಊರೆಲ್ಲ ಅವರನ್ನು ಅಕ್ಕ ಎಂದೇ ಕರೆಯುತ್ತಿತ್ತು. ಐವತ್ತೈದು ವಯಸ್ಸು, ಬೆರಳ ಸಂದುಗಳಲ್ಲಿ ಹೋಗದ ಕಪ್ಪು ಬಣ್ಣ. ಅಂಗಳಕ್ಕೆ ಬರುವ ದೋಣಿಗಳಲ್ಲಿ ಹೆಚ್ಚಿನವು ಚಿಕ್ಕವು. ಆದರೆ ವರ್ಷದ ಅರ್ಧ ಸಂಬಳ ಹುಟ್ಟುವುದು ಒಂದೇ ಒಂದು ಕ್ರೇನ್ ದೋಣಿಯಿಂದ. ಉದ್ದ ಕತ್ತಿನ ಅದಕ್ಕೆ ಎಲ್ಲರೂ ಇಟ್ಟ ಹೆಸರು ಕೊಕ್ಕರೆ. ನೀರಿನ ಮೇಲೆ ಕೊಕ್ಕರೆಯ ಎತ್ತರ ಹನ್ನೊಂದು ಮೀಟರ್ ನಲವತ್ತು ಎಂದು ಅಕ್ಕ ಹೇಳಿದರು.

"ಅದು ಬರದಿದ್ರೆ ಒಂಬತ್ತು ಜನಕ್ಕೆ ನಾನೇ ಬೇರೆ ಕಡೆ ಕೆಲಸ ನೋಡ್ಕೊಳ್ಳಿ ಅನ್ಬೇಕು. ಆಮೇಲೆ ನನಗೂ ಅದನ್ನೇ ಹೇಳ್ಕೋಬೇಕು."

"ಹಳೇ ದೋಣಿಗೆ ಹಳೇ ಅಳತೆ," ಎಂದರು ಸೇತುವೆ ಮಂಡಳಿಯ ಎಂಜಿನಿಯರ್. ತೆಳ್ಳಗಿನ, ನಿದ್ದೆಗೆಟ್ಟ ಮನುಷ್ಯ. "ಯಾರು ಅಳೆದದ್ದೋ, ಯಾವಾಗ ಅಳೆದದ್ದೋ."

"ನಾನೇ ಅಳೆದದ್ದು. ಬನ್ನಿ, ನಿಮ್ಮನ್ನೂ ಅಳೀತೀನಿ."

ಜನ ನಕ್ಕರು. ಗೋಡೆಯ ಕಡೆ ಕೂತಿದ್ದ ತಮ್ಮನೂ ನಕ್ಕ, ಆಮೇಲೆ ತಾನು ಯಾವ ಪಕ್ಷ ಎಂಬುದು ನೆನಪಾಗಿ ಕೆಮ್ಮಿದ.

ತಮ್ಮನಿಗೆ ಬೇಕರಿ. ಸೇತುವೆಯಿಂದ ಇಳಿದು ಬರುವ ರಸ್ತೆ ಎಲ್ಲಿ ಎಡಕ್ಕೆ ತಿರುಗುತ್ತದೋ ಅಲ್ಲಿ, ನದಿಗೆ ಮುಖ ಮಾಡಿ ನಿಂತ ಕಟ್ಟಡ. ಸೇತುವೆ ಎತ್ತರವಾದಷ್ಟೂ ಅದಕ್ಕೆ ಏರುವ ದಾರಿ ಉದ್ದವಾಗಬೇಕು. ಆಂಬುಲೆನ್ಸ್, ಗಾಲಿಕುರ್ಚಿ ಎಲ್ಲ ಹತ್ತಬೇಕಾದ್ದರಿಂದ ಇಪ್ಪತ್ತಕ್ಕೆ ಒಂದಕ್ಕಿಂತ ಕಡಿದಾಗಿಸುವಂತಿಲ್ಲ. ಅಂದರೆ ಹತ್ತು ಸೆಂಟಿಮೀಟರ್ ಎತ್ತರಕ್ಕೆ ಎರಡು ಮೀಟರ್ ರಸ್ತೆ. ಸೇತುವೆ ಹನ್ನೊಂದು ಮೀಟರ್ ಇದ್ದರೆ ಏರುದಾರಿ ಬೇಕರಿಯ ಹೊಸ್ತಿಲಿಗೆ ಒಂದು ಮೀಟರ್ ದೂರದಲ್ಲಿ ಮುಗಿಯುತ್ತದೆ. ಬಿಡುವೂ ಸೇರಿ ಅಕ್ಕ ಕೇಳುವ ಹನ್ನೊಂದು ಎಪ್ಪತ್ತಕ್ಕೆ ಹದಿನಾಲ್ಕು ಮೀಟರ್ ಹೆಚ್ಚು ಬೇಕು. ಬೇಕರಿ ಪೂರ್ತಿ ಹೋಗುತ್ತದೆ. ಪರಿಹಾರ ಸಿಗುತ್ತದೆ ನಿಜ, ಆದರೆ ಕಟ್ಟಿಗೆ ಒಲೆಯನ್ನು ಹೊಸದಾಗಿ ಕಟ್ಟಲು ಪುರಸಭೆ ಈಗ ಬಿಡುವುದಿಲ್ಲ. ಹಳೆಯದು ಇದ್ದಲ್ಲೇ ಇದ್ದರೆ ಉಂಟು, ಕೆಡವಿದರೆ ಇಲ್ಲ.

ಅಪ್ಪ ಮಗಳಿಗೆ ಅಂಗಳದ ಕೆಲಸ ಕಲಿಸಿದ್ದರು, ಅಮ್ಮ ಮಗನಿಗೆ ಒಲೆಯ ಕೆಲಸ. ಒಂದೇ ಮನೆಯ ಎರಡು ಕಸುಬು ಒಂದೇ ಅಂಕಿಯ ಎರಡು ತುದಿಗೆ ನೇತುಬಿದ್ದಿದ್ದವು.

"ನೀವು ಏನಾದರೂ ಹೇಳಬೇಕೇ?" ಎಂದು ತಮ್ಮನನ್ನು ಕೇಳಿದೆ.

ಎದ್ದು ನಿಂತ. "ಹನ್ನೊಂದು ಸಾಕು ಮೇಡಂ." ಕೂತ.

ದೋಣಿ ಬಂದಾಗ ಮೇಲಕ್ಕೇಳುವ ಸೇತುವೆಗೆ ಮೂರು ಪಟ್ಟು ಖರ್ಚು. ಸೇತುವೆಯ ಹಲಗೆ ಇನ್ನು ತೆಳುವಾಗಲು ಸಾಧ್ಯವಿಲ್ಲ. ನದಿಯಾಚೆಯವರು ಆಸ್ಪತ್ರೆಗೆ ಈಚೆಗೇ ಬರಬೇಕು, ಆದ್ದರಿಂದ ಸೇತುವೆಯೇ ಬೇಡ ಎನ್ನುವವರು ಕೋಣೆಯಲ್ಲಿ ಯಾರೂ ಇರಲಿಲ್ಲ. ಕಾನೂನು ಅಕ್ಕನ ಪರವಾಗಿತ್ತು. ಮೊದಲಿಂದ ಓಡಾಡುವ ದೋಣಿಗೆ ದಾರಿ ಬಿಡಲೇಬೇಕು. ಉಳಿದಿದ್ದು ಅಳತೆ.

ಗುರುವಾರ ಬೆಳಿಗ್ಗೆ ಕೊಕ್ಕರೆ ಅಂಗಳದ ಮುಂದೆ ಬಂದು ನಿಂತಿತು. ಇಪ್ಪತ್ತು ಮೀಟರ್ ಉದ್ದ, ಎಂಟು ಅಗಲ, ಶೂ ಡಬ್ಬಿಯಂಥ ಆಕಾರ. ಅದರ ಕ್ಯಾಪ್ಟನ್ ದಪ್ಪ ಮೀಸೆಯ ನಿಧಾನಸ್ಥ. ದಡದಲ್ಲಿ ಉಪಕರಣ ನಿಲ್ಲಿಸಿ, ತುದಿಗೆ ಗುರಿಯಿಟ್ಟು, ನೀರಿನ ಮಟ್ಟವನ್ನು ಬೇರೆ ತೆಗೆದುಕೊಂಡು ಲೆಕ್ಕ ಹಾಕಿದೆ. ಹನ್ನೊಂದು ಮೀಟರ್ ನಲವತ್ತು.

"ಆಯ್ತಲ್ಲ," ಎಂದರು ಅಕ್ಕ, ಗೆದ್ದವರ ಮುಖವಿಲ್ಲದೆ.

ನಿಯಮದಂತೆ ಎರಡನೆಯ ಅಳತೆ ಮಧ್ಯಾಹ್ನ. ನಡುವೆ ತಮ್ಮ ಬನ್ನು, ಚಹಾ ತಂದ. ಅಕ್ಕನಿಗೂ ಕೊಟ್ಟ, ಮಂಡಳಿಯ ಎಂಜಿನಿಯರಿಗೂ ಕೊಟ್ಟ.

"ವಿಷ ಗಿಷ ಹಾಕಿಲ್ಲ ತಾನೆ?" ಎಂದರು ಅಕ್ಕ.

"ನಿನ್ನ ಬಾಯಿಗೆ ಹೋದ್ರೆ ವಿಷಕ್ಕೇ ಅಪಾಯ."

"ಸಕ್ಕರೆ ಕಮ್ಮಿ ಆಗಿದೆ ಕಣೋ."

"ಸೊಂಟದ ಮೇಲೆ ಕಣ್ಣಿರ್ಲಿ ಅಂತ."

ಇಬ್ಬರೂ ಸೇತುವೆಯ ಮಾತೆತ್ತಲಿಲ್ಲ. ಬೆನ್ನಿಗೆ ಬಿದ್ದ ತಮ್ಮ. ಐವತ್ತು ವರ್ಷದ ಚೇಷ್ಟೆ ಮಾತು ತಾನಾಗಿ ನಡೆಯುತ್ತಿತ್ತು, ಒಳಗೆ ಏನೇ ಇರಲಿ.

ಮಧ್ಯಾಹ್ನದ ಅಳತೆ ಹನ್ನೊಂದು ಮೂವತ್ತಮೂರು ಬಂತು.

ಮಂಡಳಿಯ ಎಂಜಿನಿಯರ್ ಬನ್ನನ್ನು ಕೆಳಗಿಟ್ಟರು. "ಬೆಳಿಗ್ಗೆಯಿಂದ ಏಳು ಸೆಂಟಿಮೀಟರ್ ಕುಗ್ಗಿತಾ? ನಾನು ಹೇಳಲಿಲ್ವಾ?"

ನಾನು ಉಪಕರಣದ ಮಟ್ಟ ನೋಡಿದೆ, ಅಳತೆಗೋಲು ನೋಡಿದೆ, ನೀರಿನ ಗುರುತನ್ನು ಮತ್ತೆ ಓದಿದೆ. ಎಲ್ಲ ಸರಿಯಿತ್ತು. ಮತ್ತೊಮ್ಮೆ ಅಳೆದರೂ ಮೂವತ್ತಮೂರೇ. ಒಂದೇ ವಸ್ತುವಿಗೆ ಎರಡು ಉತ್ತರ ಬರುವಂತಿಲ್ಲ. ಆಮೇಲೆ ಗೊತ್ತಾಯಿತು: ವಸ್ತು ಒಂದೇ ಆಗಿರಲಿಲ್ಲ.

"ಕ್ಯಾಪ್ಟನ್, ಊಟದ ಹೊತ್ತಲ್ಲಿ ಏನಾದ್ರೂ ಮಾಡಿದ್ರಾ?"

"ನಾನಾ? ಏನಿಲ್ಲ. ಅಂಗಳದ ಒಂದು ಎಂಜಿನ್ ಎತ್ತಿ ಕೊಡಿ ಅಂದ್ರು, ಕೊಟ್ಟೆ. ವಾಲಬಾರದು ಅಂತ ಹಿಂದಿನ ತೊಟ್ಟಿಗೆ ಸ್ವಲ್ಪ ನೀರು ಎಳ್ಕೊಂಡೆ. ಎತ್ತುವಾಗ ಯಾವಾಗ್ಲೂ ಎಳ್ಕೋತೀವಿ. ಆಮೇಲೆ ಎರಡು ಕಡೆಗೂ ಸಮ ಮಾಡಿದೆ."

ದೋಣಿಯ ತಳ ನೂರ ಅರವತ್ತು ಚದರ ಮೀಟರ್. ಒಂದು ಸೆಂಟಿಮೀಟರ್ ಮುಳುಗಲು ಒಂದು ಟನ್ ಆರುನೂರು ಕಿಲೋ ನೀರು ಬೇಕು. ಏಳಕ್ಕೆ ಹನ್ನೊಂದು ಟನ್ನಿಗೆ ಸ್ವಲ್ಪ ಹೆಚ್ಚು. ಕ್ಯಾಪ್ಟನ್ನಿನ ಪಂಪು ತೋರಿಸಿದ್ದೂ ಅಷ್ಟೇ.

"ಹಾಗಾದ್ರೆ ಯಾವ್ದು ಸರಿ?" ಅಕ್ಕ ಕೇಳಿದರು.

"ಎರಡೂ ಸರಿ. ಖಾಲಿ ಇದ್ದಾಗ ನಲವತ್ತು. ನಾನು ಬರೆದುಕೊಳ್ಳೋದು ಅದನ್ನೇ. ದೋಣಿ ಹೇಗೆ ಬರುತ್ತೋ ಹಾಗೆ ದಾರಿ ಬಿಡಬೇಕು. ತುಂಬಿಸ್ಕೊಂಡು ಬನ್ನಿ ಅಂತ ಹೇಳೋ ಅಧಿಕಾರ ನಮಗಿಲ್ಲ."

ಅದು ನಿಜ. ನಾವು ಸೂಚಿಸುವಂತೆಯೂ ಇಲ್ಲ. ದೋಣಿಯವರ ಹಕ್ಕನ್ನು ಬಿಟ್ಟುಕೊಡಿ ಎಂದು ಅನುಮತಿ ಕೊಡುವ ಕಚೇರಿಯೇ ಕಿವಿಯಲ್ಲಿ ಊದಿದರೆ ಆ ಹಕ್ಕಿಗೆ ಅರ್ಥವಿಲ್ಲ. ಆದರೆ ಕೇಳಿದ ಪ್ರಶ್ನೆಗೆ ಲೆಕ್ಕ ಹೇಳಬಾರದೆಂದು ಎಲ್ಲೂ ಬರೆದಿಲ್ಲ. ಅಕ್ಕ ಕೊಕ್ಕರೆಯ ಕತ್ತನ್ನೇ ನೋಡುತ್ತಿದ್ದರು.

"ತೊಟ್ಟಿ ಪೂರ್ತಿ ತುಂಬಿದ್ರೆ ಎಷ್ಟಕ್ಕೆ ಬರುತ್ತೆ?"

"ಎಪ್ಪತ್ತೆರಡು ಟನ್ ಹಿಡಿಯುತ್ತೆ ಅಂತ ದೋಣಿಯ ಕಾಗದದಲ್ಲಿದೆ. ನಲವತ್ತೈದು ಸೆಂಟಿಮೀಟರ್ ಇಳೀಬೇಕು," ಎಂದೆ.

"ಹ್ಞೂಂ. ಸುಮ್ನೆ ಕೇಳ್ದೆ."

ಮರುದಿನ ಬೆಳಿಗ್ಗೆ ಬೇಕರಿಗೆ ಹೋದೆ. ಸೇತುವೆಯಿಂದ ಪೆಟ್ಟು ಬೀಳುವ ಕಟ್ಟಡವನ್ನು ಕಣ್ಣಾರೆ ನೋಡುವುದೂ ನನ್ನ ಕೆಲಸ. ಮುಂದೆ ಗಾಜಿನ ಕಪಾಟು, ತಕ್ಕಡಿ, ಇಬ್ಬರು ನಿಲ್ಲುವಷ್ಟು ಜಾಗ. ನಾಲ್ಕು ಮೀಟರ್ ಆಳದ ಅಂಗಡಿ. ಅದರ ಹಿಂದೆ ದಪ್ಪ ಗೋಡೆ. ಗೋಡೆಯ ಹಿಂದೆ ಒಲೆ, ಕೋಣೆಯ ಮುಕ್ಕಾಲು ಪಾಲು ಅದೇ. ಇಟ್ಟಿಗೆ ಕಾಯ್ದು ಕಾಯ್ದು ಕಂದು ಹಳದಿಗೆ ತಿರುಗಿತ್ತು. ಅಕ್ಕ ಆಗಲೇ ಅಲ್ಲಿದ್ದರು, ಹಿಟ್ಟಿನ ಚೀಲದ ಮೇಲೆ ಕೂತು.

ಏರುದಾರಿಯ ಕೊನೆ ಎಲ್ಲಿ ಬರುತ್ತದೆಂದು ಸೀಮೆಸುಣ್ಣದಲ್ಲಿ ತೋರಿಸುವುದು ವಾಡಿಕೆ. ಹನ್ನೊಂದಕ್ಕೆ ಹೊರಗೆ ರಸ್ತೆಯಲ್ಲಿ ಗೆರೆ ಎಳೆದೆ. ಹನ್ನೊಂದು ಎಪ್ಪತ್ತರ ಗೆರೆ ಅಂಗಡಿ ದಾಟಿ, ಒಲೆ ದಾಟಿ, ಹಿತ್ತಿಲ ಕಟ್ಟಿಗೆ ರಾಶಿಯ ಹತ್ತಿರ ಬಿತ್ತು. ಸುಣ್ಣದ ಕೈ ಒರೆಸಿಕೊಳ್ಳುತ್ತ ಬಂದಾಗ ಅಕ್ಕ ಎದ್ದು ನಿಂತಿದ್ದರು.

"ಹನ್ನೊಂದು ಇಪ್ಪತ್ತೈದಕ್ಕೆ ಎಲ್ಲಿ?"

ಅವರು ರಾತ್ರಿ ಲೆಕ್ಕ ಮಾಡಿದ್ದರೆಂದು ತಿಳಿಯಿತು. ನಲವತ್ತರಿಂದ ನಲವತ್ತೈದು ಕಳೆದು, ಬಿಡುವಿನ ಮೂವತ್ತು ಕೂಡಿಸಿ. ನಾನು ಐದು ಮೀಟರ್ ಅಳೆದು ಗೆರೆ ಎಳೆದೆ. ಗಾಜಿನ ಕಪಾಟೂ ತಕ್ಕಡಿಯೂ ಹೋದವು. ದಪ್ಪ ಗೋಡೆಯ ಬುಡಕ್ಕೆ ಗೆರೆ ಸರಿಯಾಗಿ ಅಂಟಿಕೊಂಡಿತು.

ತಮ್ಮ ಗೆರೆ ನೋಡಿದ, ಅಕ್ಕನನ್ನು ನೋಡಿದ. "ಇದೇನು ಆಟ?"

"ಒಲೆ ಉಳಿಯುತ್ತೆ."

"ನಿನ್ನ ಕೊಕ್ಕರೆ?"

"ನೀರು ಕುಡ್ಕೊಂಡು ಬಗ್ಗಿ ಬರುತ್ತೆ. ನಿನ್ನೆ ಕ್ಯಾಪ್ಟನ್ ಹತ್ರ ಮಾತಾಡ್ದೆ. ತುಂಬೋಕೆ ಮೂರು ಗಂಟೆ, ಖಾಲಿ ಮಾಡೋಕೆ ಮೂರು ಗಂಟೆ. ನಮ್ಮ ಅಂಗಳದ ಹಳಿ ಮೇಲೆ ದಡಕ್ಕೆ ಎಳೆಯೋಕೆ ಖಾಲಿ ಇರ್ಲೇಬೇಕು. ಹೋಗ್ತಾ ಮತ್ತೆ ಹಾಗೇ. ಅವರ ಸಾಹೇಬ್ರು ಒಂದು ದಿನ ದಂಡ ಅಂತ ಬಿಲ್ಲಲ್ಲಿ ಹಿಡ್ಕೋತಾರೆ. ಹಿಡ್ಕೊಳ್ಳಿ. ಬೇರೆ ಅಂಗಳಕ್ಕೆ ಹೋದ್ರೆ ಅವರಿಗೆ ನಾಲ್ಕು ದಿನ ಹಾಳು."

"ನೀರು ಕಮ್ಮಿ ಇದ್ದಾಗ ಬಂದ್ರೆ ತುಂಬೋದೇ ಬೇಡವಲ್ಲ," ಎಂದ ತಮ್ಮ ನನ್ನ ಕಡೆ ತಿರುಗಿ.

"ನೀರು ಕಮ್ಮಿ ಇದ್ರೆ ದೋಣಿ ನಮ್ಮ ಹಳಿ ಮುಟ್ಟೋದಿಲ್ಲ, ದಡ್ಡ," ಎಂದರು ಅಕ್ಕ. "ನೀರು ಏರಿದಾಗ್ಲೇ ಅದು ಬರೋದು."

ನಾನು ಹೇಳಲೇಬೇಕಾದ್ದನ್ನು ಹೇಳಿದೆ. "ಅಕ್ಕ, ಒಮ್ಮೆ ಬರೆದು ಕೊಟ್ರೆ ವಾಪಸ್ ಇಲ್ಲ. ಸೇತುವೆ ನೂರು ವರ್ಷ ನಿಲ್ಲುತ್ತೆ. ನಾಳೆ ಇದಕ್ಕಿಂತ ಎತ್ತರದ ದೋಣಿ ಯಾರಾದ್ರೂ ತಂದ್ರೆ ನಿಮ್ಮ ಅಂಗಳಕ್ಕೆ ಅದು ಬರೋದಿಲ್ಲ. ಆಗ ತಕರಾರು ಮಾಡೋ ಹಾಗಿಲ್ಲ. ಈಗ ಸುಮ್ಮನಿದ್ರೆ ಹನ್ನೊಂದು ಎಪ್ಪತ್ತು ನಿಮ್ಮದೇ."

"ಕೇಳಿಸ್ತಾ?" ಎಂದ ತಮ್ಮ. "ಸುಮ್ನಿರು. ನಾನೇನು ಕೇಳಿದ್ನಾ?"

"ಕೇಳಿದ್ರೆ ಕೊಡ್ತಿರ್ಲಿಲ್ಲ."

"ಒಲೆ ಹೋದ್ರೆ ಹೋಗ್ಲಿ. ನಾನು ಕರೆಂಟ್ ಒಲೆ ತರ್ತೀನಿ."

"ಹೋದ ವರ್ಷ ಕರೆಂಟ್ ಒಲೆ ಬ್ರೆಡ್ ತಿಂದು ರಟ್ಟು ಅಂದೆ. ಪಕ್ಕದ ಊರಿನವನ ಮುಖಕ್ಕೇ ಅಂದೆ."

ತಮ್ಮ ತಲೆ ತಗ್ಗಿಸಿ ಬೆರಳ ತುದಿಯ ಹಿಟ್ಟನ್ನು ಉಜ್ಜಿದ. ಹೊರಗೆ ಯಾರೋ ಗಾಜು ತಟ್ಟಿದರು. ಎರಡು ಬ್ರೆಡ್ ಕೊಟ್ಟು ಬಂದ. ಬಂದಾಗ ಅವನ ಕಣ್ಣು ಕೆಂಪಾಗಿತ್ತು, ಒಲೆಯ ಹೊಗೆಗೆ ಒಗ್ಗಿಹೋದ ಕಣ್ಣು.

"ನಿನ್ನ ಹುಡುಗ್ರು ಒಂಬತ್ತು ಜನ ಇದಾರೆ," ಎಂದ ಮೆಲ್ಲಗೆ. "ನನ್ನ ಹತ್ರ ಇರೋದು ನಾನೊಬ್ಬ."

"ಒಂಬತ್ತು ಜನಕ್ಕೂ ಸಂಬಳ ಬರುತ್ತೆ. ಬಿಲ್ ಕಮ್ಮಿ ಆಗೋದು ನನಗೆ. ನಿನ್ನೆ ಅವರನ್ನ ಕೂರಿಸ್ಕೊಂಡು ಹೇಳಿದೀನಿ. ವಯಸ್ಸಾದವನೊಬ್ಬ, ದೊಡ್ಡ ದೋಣಿ ಬಂದ್ರೆ ಅಂತ ರಾಗ ಎಳೆದ. ಮೂವತ್ತು ವರ್ಷದಲ್ಲಿ ಎಷ್ಟು ಬಂದಿದೆ ಹೇಳು ಅಂದೆ. ಬಾಯಿ ಮುಚ್ಕೊಂಡ."

"ಬಂದ್ರೆ?"

"ಬಂದ್ರೆ ಹೊಟ್ಟೆ ಉರಿಯುತ್ತೆ. ನಿನ್ನ ಅಂಗಡಿ ಮುಂದೆ ನಿಂತು ಬಯ್ತೀನಿ. ಕಿವಿ ತೆರ್ಕೊಂಡಿರು."

"ಅಂಗಡಿ ಮುಂದೆ ಅಂತ ಏನೂ ಇರೋದಿಲ್ಲ. ಗೋಡೆ ಇದೆ, ಹಿಂದೆ ಒಲೆ ಇದೆ."

"ಸಂದಿ ಕಡೆ ಕಿಟಕಿ ಒಡೆದುಕೋ. ಅಲ್ಲಿಂದ ಬಯ್ಯೋಕೆ ಇನ್ನೂ ಹತ್ರ."

ಸೋಮವಾರ ಕೊಕ್ಕರೆ ತೊಟ್ಟಿಗಳನ್ನು ತುಂಬಿಸಿಕೊಂಡು ನಿಂತಿತು. ಪಂಪು ಮೂರು ಗಂಟೆ ಗೊರಗೊರ ಎಂದಿತು. ದೋಣಿ ಇಳಿಯುವುದು ಕಣ್ಣಿಗೆ ಕಾಣುವುದಿಲ್ಲ. ಬದಿಯಲ್ಲಿದ್ದ ಬಣ್ಣದ ಗೆರೆಗಳು ಒಂದೊಂದಾಗಿ ಮಾಯವಾದವು. ಲೆಕ್ಕದಂತೆ ಎತ್ತರ ಹತ್ತು ತೊಂಬತ್ತೈದಕ್ಕೆ ಬರಬೇಕಿತ್ತು. ತೊಂಬತ್ತೇಳಕ್ಕೆ ನಿಂತಿತು. ಕ್ಯಾಪ್ಟನ್ ಇನ್ನೂ ಹತ್ತು ನಿಮಿಷ ಪಂಪು ಓಡಿಸಿದ. ನೀರು ಗಾಳಿಕೊಳವೆಯಿಂದ ಹೊರಕ್ಕೆ ಉಕ್ಕಿತು.

"ಇಷ್ಟೇ ಮೇಡಂ. ತೊಟ್ಟಿ ಮೂಲೇಲಿ ಗಾಳಿ ಸಿಕ್ಕಾಕೊಂಡಿರುತ್ತೆ, ಅದು ಹೋಗಲ್ಲ. ಕಾಗದದ ಎಪ್ಪತ್ತೆರಡು ಬೇರೆ, ನೀರಿನ ಎಪ್ಪತ್ತೆರಡು ಬೇರೆ."

ಎರಡು ಸೆಂಟಿಮೀಟರ್ ಎಂದರೆ ನಲವತ್ತು ಸೆಂಟಿಮೀಟರ್ ರಸ್ತೆ. ಬೇಕರಿಯ ದಪ್ಪ ಗೋಡೆ ನಲವತ್ತೇ ಇತ್ತು. ನಾನು ಹೇಳುವ ಮೊದಲೇ ತಮ್ಮನಿಗೆ ಅರ್ಥವಾಯಿತು.

"ಗೋಡೆಯೂ ಹೋಯ್ತಾ?"

"ಗೋಡೆ ಹೋಗುತ್ತೆ. ಒಲೆಗೆ ತಾಗೋದಿಲ್ಲ."

ಮಂಡಳಿಯ ಎಂಜಿನಿಯರ್ ನಕ್ಷೆ ಬಿಚ್ಚಿ ನೋಡಿದರು. ವಿಚಾರಣೆಯ ದಿನದಿಂದ ಮೊದಲ ಬಾರಿಗೆ ಅವರ ದನಿ ಮೆತ್ತಗಿತ್ತು. "ಅಷ್ಟು ಗೋಡೆಯನ್ನ ನಮ್ಮವರೇ ಹೊಸದಾಗಿ, ತೆಳ್ಳಗೆ, ಒಲೆಗೆ ಒತ್ತಿ ಕಟ್ಟಿಕೊಡ್ತಾರೆ. ಅದನ್ನ ಷರತ್ತಲ್ಲಿ ಸೇರಿಸಿ."

"ಚಳಿಗಾಲದಲ್ಲಿ ಜನ ಬೆಚ್ಚಗಾಗೋಕೆ ಬಂದು ಆ ಗೋಡೆಗೆ ಬೆನ್ನು ಕೊಟ್ಟು ನಿಲ್ತಾರೆ," ಎಂದ ತಮ್ಮ. "ಬ್ರೆಡ್ ತಗೊಳ್ದೇನೇ."

ಅಕ್ಕ ಅಂಗಳದ ಮೇಜಿನ ಮೇಲೆ ತಾವು ಕೊಡಬೇಕಾದ ಒಪ್ಪಿಗೆ ಪತ್ರವನ್ನು ನಿಂತೇ ಓದಿದರು, ಒಂದು ಸಾಲಿಗೆ ಎರಡು ಸಲ ಬೆರಳಾಡಿಸಿದರು: *ಇದಕ್ಕಿಂತ ಎತ್ತರದ ದೋಣಿಗಾಗಿ ಮುಂದೆಂದೂ ಹಕ್ಕು ಕೇಳುವುದಿಲ್ಲ.* ಮೂಗಿನ ಮೇಲೆ ಕನ್ನಡಕ ಸರಿಪಡಿಸಿಕೊಂಡು, ಕಿಟಕಿಯಾಚೆ ನೀರಿನಲ್ಲಿ ಇಳಿದು ನಿಂತ ಕೊಕ್ಕರೆಯ ಕಡೆಗೊಮ್ಮೆ ನೋಡಿ, ಸಹಿ ಹಾಕಿದರು. ಅದರ ಕೆಳಗೆ ಕೊಕ್ಕರೆಯ ಮಾಲೀಕರ ಪರವಾಗಿ ಕ್ಯಾಪ್ಟನ್ ಸಹಿ ಹಾಕಿದ. ತಮ್ಮ ಅಷ್ಟು ಹೊತ್ತೂ ಬಾಗಿಲ ಹತ್ತಿರ ನಿಂತಿದ್ದ, ಒಳಗೆ ಬರಲಿಲ್ಲ. ಅಕ್ಕ ಪೆನ್ನು ಕೆಳಗಿಟ್ಟ ಮೇಲೆ ಬಂದು, ಅವರ ತೋಳನ್ನು ಒಮ್ಮೆ ಹಿಡಿದು ಬಿಟ್ಟ. ಅಂಗಿಯ ಮೇಲೆ ಹಿಟ್ಟಿನ ಬೆರಳಚ್ಚು ಉಳಿಯಿತು. ಅಕ್ಕ ಅದನ್ನು ಕೊಡವಿಕೊಳ್ಳಲಿಲ್ಲ.

ಅದೇ ವಾರ ಅನುಮತಿ ಬರೆದೆ. ಅತಿ ಮೇಲಿನ ನೀರಿನ ಮಟ್ಟದಿಂದ ಸೇತುವೆಯ ತಳಕ್ಕೆ ಎತ್ತರ: ಹನ್ನೊಂದು ಮೀಟರ್ ಇಪ್ಪತ್ತೇಳು ಸೆಂಟಿಮೀಟರ್.