ಹುಡುಗನ ಒಂಬತ್ತು ಮಾತು

ಆ ಸಿನಿಮಾದ ತರಲೆ ಹುಡುಗನಿಗೆ ದನಿ ಕೊಟ್ಟವರು ಒಬ್ಬ ಹೆಂಗಸು ಎಂಬುದು ನೋಡಿದವರಲ್ಲಿ ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಸ್ಟುಡಿಯೋದವರಿಗೆ ಅವರು ಗುಬ್ಬಿ ಮೇಡಂ. ಹುಡುಗನ ಜೊತೆ ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ತಲೆಕೆಟ್ಟ ತಾತನಿಗೆ ದನಿ ಕೊಟ್ಟವರು ಅವರ ಗಂಡ. ಆಗ ಮೇಡಂಗೆ ಮೂವತ್ತೊಂದು, ತಾತನಿಗೆ ಮೂವತ್ತೈದು!

ಕೆಟ್ಟುಹೋದ ಲಿಫ್ಟೊಂದು ಮಹಡಿಯ ಬದಲು ಯಾವುದೋ ಇಸವಿಗೆ ಹೋಗಿ ನಿಲ್ಲುತ್ತದೆ. ಇಷ್ಟೇ ಕಥೆ, ಮೂರು ಭಾಗ. ಥಿಯೇಟರಿನಲ್ಲಿ ಹೇಳಿಕೊಳ್ಳುವಂತೆ ಓಡಲಿಲ್ಲ. ಕ್ಯಾಸೆಟ್ಟಾಗಿ ಮನೆ ಸೇರಿದ ಮೇಲೆ ಮಾತ್ರ ಅಲ್ಲೇ ಬೇರು ಬಿಟ್ಟವು. ಟೇಪು ಸವೆದಾಗ ಜನ ಸಿ.ಡಿ. ಕೊಂಡರು, ಅದಕ್ಕೆ ಗೀರು ಬಿದ್ದಾಗ ಇನ್ನೊಂದು ಕೊಂಡರು. ಈಗ ಮೂರನ್ನೂ ಹೊಸದು ಮಾಡಿ ಒಂದೇ ಪೆಟ್ಟಿಗೆಯಲ್ಲಿ ತರುವವರಿದ್ದರು. ಎರಡನೇ ಭಾಗದಲ್ಲಿ ಹುಡುಗನ ದನಿಯ ಮೂಲ ಟೇಪಿಗೆ ಬೂಷ್ಟು ಹಿಡಿದು ಒಂಬತ್ತು ಮಾತು ಕೆಟ್ಟಿದ್ದವು. ತಾತನದು ಬೇರೆ ಟೇಪು, ಅದಕ್ಕೇನೂ ಆಗಿರಲಿಲ್ಲ.

ಆ ಒಂಬತ್ತನ್ನು ಮತ್ತೆ ಹೇಳಿಕೊಡಿ ಎಂದು ಸ್ಟುಡಿಯೋದಿಂದ ಫೋನ್ ಬಂದಾಗ ಗಂಡ ತೀರಿಕೊಂಡು ಹನ್ನೊಂದು ತಿಂಗಳಾಗಿತ್ತು. ಮೇಡಂ ಆಗೋದಿಲ್ಲ ಎಂದುಬಿಟ್ಟರು. ಸೊಸೆ ಬಿಡಲಿಲ್ಲ.

"ಹೋಗಿ ಬನ್ನಿ ಅತ್ತೆ. ದಿನಾ ಗೋಡೆ ನೋಡ್ತಾ ಕೂತಿರ್ತೀರ."

"ಅರವತ್ತೊಂಬತ್ತರ ಗಂಟಲಲ್ಲಿ ಹುಡುಗ ಬರ್ತಾನೇನೇ?"

"ಬರದಿದ್ರೆ ವಾಪಸ್ ಬನ್ನಿ. ಯಾರು ಹೊಡೀತಾರೆ?"

ಧ್ವನಿಮುದ್ರಣದ ಕೋಣೆಯಲ್ಲಿ ಸೌಂಡ್ ಎಂಜಿನಿಯರ್ ಹುಡುಗಿ ಹೆಡ್‌ಫೋನ್ ಸರಿಮಾಡಿ ಗಾಜಿನಾಚೆ ಹೋಗಿ ಕೂತಳು. ಪರದೆಯ ಮೇಲೆ ಲಿಫ್ಟಿನ ಬಾಗಿಲು ತೆರೆಯಿತು. ಮೂಗಿನಿಂದ ಸರ್ರನೆ ಎಳೆದ ಒಂದು ಉಸಿರು, ಹಿಂದೆಯೇ ಗಂಡನ ದನಿ: "ಬಾಗಿಲು ಮುಚ್ಚೋ ಮಂಗ! ಹೊರಗೆ ನಿಮ್ಮಪ್ಪ ಇನ್ನೂ ಹುಟ್ಟಿಲ್ಲ!"

ಹುಡುಗ ಹೇಳಬೇಕಾದದ್ದು, "ಹುಟ್ಟೋ ತನಕ ಕಾಯೋಣ ತಾತ, ನಾಳೆ ಸ್ಕೂಲಿಲ್ಲ!" ಮೇಡಂ ಬಾಯಿಂದ ಒಂದಕ್ಷರ ಹೊರಡಲಿಲ್ಲ. ಕೊನೆಯ ವಾರ ಆಸ್ಪತ್ರೆಯಲ್ಲಿ ಆ ಉಸಿರಿಗೇ ಕಿವಿಗೊಟ್ಟು ಮಂಚದ ಪಕ್ಕ ಕೂತಿದ್ದವರು ಅವರು.

"ಮೇಡಂ, ಆ ಉಸಿರಿನ ಸದ್ದು ಅಡ್ಡ ಬರ್ತಿದ್ಯಾ? ಅಳಿಸ್ಬಿಡ್ಲಾ?"

"ಅಯ್ಯೋ, ಬೇಡಮ್ಮ!" ದನಿ ತಮಗೇ ಜೋರೆನಿಸಿತು. "ಅದು ಕೇಳಿಸಿದ್ರೇನೇ ನಾನು ಯಾವಾಗ ಬಾಯಿ ಹಾಕ್ಬೇಕು ಅಂತ ಗೊತ್ತಾಗೋದು. ಆಗಲೂ ಹಾಗೇ."

ಹುಡುಗಿ ಎದ್ದು ಬಿಸಿನೀರು ತಂದುಕೊಟ್ಟು ಪಕ್ಕದಲ್ಲೇ ನಿಂತಳು. "ನನಗೆ ಒಂಬತ್ತು ವರ್ಷ ಇದ್ದಾಗ ಅಮ್ಮ ಹಾಸಿಗೆ ಹಿಡಿದ್ರು. ಸ್ಕೂಲಿಂದ ಬಂದು ದಿನಾ ಈ ಕ್ಯಾಸೆಟ್ಟು ಹಾಕ್ತಿದ್ದೆ. ಮುಂದೇನಾಗುತ್ತೆ ಅಂತ ಇಬ್ಬರಿಗೂ ಬಾಯಿಪಾಠ. ಡಾಕ್ಟರು ಹೇಳೋದು ಯಾವುದೂ ಹಾಗಿರ್ತಿರಲಿಲ್ಲ ನೋಡಿ."

"ಅಮ್ಮ?"

"ಎರಡು ವರ್ಷ ಇದ್ರು, ಅಷ್ಟೇ. ಕೊನೇವರೆಗೂ ಈ ಹುಡುಗನಿಗೆ ನಕ್ಕರು."

ಮೇಡಂ ಅವಳ ಮುಖವನ್ನೇ ನೋಡಿದರು. ದಿನಗೂಲಿಗೆ ಬಂದು ಹೇಳಿ ಹೋದ ಮಾತುಗಳು ಯಾವುದೋ ಮನೆಯ ಹಾಸಿಗೆಯ ಬಳಿ ಎರಡು ವರ್ಷ ದುಡಿದದ್ದು ಅವರಿಗೆ ಗೊತ್ತೇ ಇರಲಿಲ್ಲ. ಲೋಟ ಕೆಳಗಿಟ್ಟು, "ಹಾಕಮ್ಮ, ಮೊದಲಿಂದ," ಎಂದರು.

ಸಂಜೆಯ ಹೊತ್ತಿಗೆ ಏಳು ಮಾತು ಮುಗಿದವು. ಪೂರ್ತಿ ಹುಡುಗನಲ್ಲದಿದ್ದರೂ ಅವನ ನೆಂಟನಂತಿತ್ತು ದನಿ. ಕೊನೆಯ ಎರಡು ಕೇಕೆ ಹಾಕಿ ಹೇಳುವಂಥವು. ಹದಿನಾರು ಸಲ ಪ್ರಯತ್ನಿಸಿ ಮೇಡಂ ಹೆಡ್‌ಫೋನ್ ತೆಗೆದರು.

"ಇದು ನನ್ನ ಕೈಲಾಗಲ್ಲ ಮಗಳೇ. ಹಳೇದೇ ಇರಲಿ."

"ಕರಕರ ಅನ್ನುತ್ತೆ ಮೇಡಂ."

"ಅನ್ನಲಿ."

ಮೂರು ತಿಂಗಳಿಗೆ ಪೆಟ್ಟಿಗೆ ಮನೆಗೆ ಬಂತು. ಮಧ್ಯಾಹ್ನ ಊಟವಾದ ಮೇಲೆ ಸೊಸೆ ಎರಡನೇ ಭಾಗ ಹಾಕಿದಳು. ಹೊಸದಾಗಿ ಹೇಳಿದ ಏಳು ಮಾತು ಯಾವುವೆಂದು ಅವಳಿಗೆ ತಿಳಿಯಲೇ ಇಲ್ಲ. ಎಂಟನೆಯದಕ್ಕೆ ದನಿ ಮಸುಕಾಯಿತು. ಮೂವತ್ತೊಂದರ ಹೆಂಗಸೊಬ್ಬಳು ಬಾವಿಯೊಳಗಿಂದ ಕೂಗಿದಂತೆ ಕೇಕೆ ಹಾಕಿದಳು. ಅದರ ಮೇಲೆ ತಾತ ಗಹಗಹಿಸಿ ನಕ್ಕ. ಮೇಡಂಗೂ ನಗು ಉಕ್ಕಿತು. ನಗುನಗುತ್ತಲೇ ಅದು ಅಳುವಾಯಿತು. ಸೊಸೆ ಗಾಬರಿಯಾಗಿ ರಿಮೋಟಿಗೆ ಕೈ ಹಾಕಿದಳು.

"ಬಿಡೇ, ಓಡಲಿ," ಎಂದರು ಮೇಡಂ, ಸೆರಗಿನಲ್ಲಿ ಮೂಗು ಒರೆಸುತ್ತ. "ಇದು ಮುಗಿದ ಮೇಲೆ ಮೂರನೇದೂ ಹಾಕು."